ಹೊಸ ಪಿಸಿಯಲ್ಲಿ ವಿಂಡೋಸ್ 11 ನಡೆಯುತ್ತಿದೆ, ಅದನ್ನು ಮುಟ್ಟದೆ ಪಕ್ಕದಲ್ಲಿ ಲಿನಕ್ಸ್ ಹಾಕಬಹುದಾ?

ಗಾಂಧಿಚೌಕ್ ಡಿಟಿಪಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಪಂಚಾಯಿತಿ ಠರಾವು, ವಾಟ್ನಿಪತ್ರದ ಕರಡು, ಏನು ಬಂದರೂ ಟೈಪ್ ಮಾಡಿ ಕೊಡುತ್ತೇವೆ. ಹಳೇ ಪಿಸಿಯಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತು. ಆ ಯಂತ್ರಕ್ಕೆ 11 ಹತ್ತುವುದಿಲ್ಲ ಅಂತ ಗೊತ್ತಾದ ಮೇಲೆ ಹೊಸದನ್ನೇ ಜೋಡಿಸಿದೆವು.

ರೈಜನ್ 5 7600, ಬಿ650 ಬೋರ್ಡ್, 16 ಜಿಬಿ ಡಿಡಿಆರ್5, 1 ಟಿಬಿ ಎನ್‌ವಿಎಂಇ (ಬೋರ್ಡ್‌ಗೇ ಕೂರುವ ಎಸ್‌ಎಸ್‌ಡಿ). ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 11 ಹಾಕಿದ್ದೇವೆ. ನುಡಿ, ಪೇಜ್‌ಮೇಕರ್, ಪ್ರಿಂಟರ್ ಎಲ್ಲಾ ಸರಿಯಾಗಿ ನಡೆಯುತ್ತಿವೆ.

ನನ್ನ ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇದೇ ಪಿಸಿಯಲ್ಲಿ ಲಿನಕ್ಸ್ ಹಾಕಿಕೊಂಡು ಕಲಿಯುತ್ತೇನೆ ಅಂತ ಗಂಟು ಬಿದ್ದಿದ್ದಾನೆ. ಕಲಿಯಲಿ, ನನ್ನ ಅಡ್ಡಿ ಇಲ್ಲ. ಆದರೆ ನನ್ನ ಷರತ್ತು ಒಂದೇ. ಬೆಳಿಗ್ಗೆ ಬಟನ್ ಒತ್ತಿದರೆ ವಿಂಡೋಸೇ ಬರಬೇಕು. ಕಪ್ಪು ಪರದೆ, ಇಂಗ್ಲಿಷ್ ಸಾಲು, ಬಾಣದ ಗುರುತು ಒತ್ತಿ ಆರಿಸುವುದು, ಇದ್ಯಾವುದೂ ನನಗೆ ಬೇಡ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗಂತೂ ಬೇಡವೇ ಬೇಡ. ಲಗ್ನದ ಸೀಸನ್‌ನಲ್ಲಿ ಒಂದು ದಿನ ಪಿಸಿ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಇದು ಆಗುವ ಮಾತಾ? ಆಗದಿದ್ದರೆ ಆಗಲ್ಲ ಅಂತ ಹೇಳಿಬಿಡಿ. ಅವನಿಗೆ ತೋರಿಸುತ್ತೇನೆ.

ಟರ್ಮಿನಲ್ ತಮ್ಮ (ವಿಜಯಪುರ)

ಆ ತಮ್ಮನ ಮಗ ನಾನೇ. ಅತ್ತೆ ಹೇಳಿದ್ದರಲ್ಲಿ ಒಂದು ಬಿಟ್ಟಿದ್ದಾರೆ, ಪಿಸಿ ಜೋಡಿಸಿದ್ದು ನಾನು. :)

ನನಗೆ ಬೇಕಾಗಿರುವುದು ಸಿ, ಪೈಥಾನ್, ಶೆಲ್, ಗಿಟ್. ಮುಂದೆ ಕರ್ನಲ್ (ಲಿನಕ್ಸ್‌ನ ತಿರುಳು) ಮಾಡ್ಯೂಲ್ ಬರೆದು ನೋಡಬೇಕು. ಮೈಕ್ರೋಕಂಟ್ರೋಲರ್ ಬೋರ್ಡ್ ಯುಎಸ್‌ಬಿಗೆ ಹಾಕಿ ಆಡಬೇಕು. ಎನ್‌ವಿಎಂಇಯಲ್ಲಿ 1 ಟಿಬಿ ಇದೆ, ಅತ್ತೆಯ ಫೈಲ್‌ಗಳೆಲ್ಲಾ ಸೇರಿದರೂ ಅರ್ಧ ತುಂಬಿಲ್ಲ. 150 ಜಿಬಿ ಕತ್ತರಿಸಿಕೊಂಡು ಲಿನಕ್ಸ್ ಮಿಂಟ್ ಹಾಕಬೇಕು ಅಂತಿದ್ದೇನೆ.

ಇಳಕಲ್ ಟೋಪ್ ತೆನೆ

ಡಬ್ಲ್ಯೂಎಸ್ಎಲ್ ಸಾಕಲ್ವಾ? ಅದು ವಿಂಡೋಸ್‌ನದೇ ಸೌಲಭ್ಯ, ವಿಂಡೋಸ್ ಒಳಗೇ ಉಬುಂಟು ಅನ್ನುವ ಲಿನಕ್ಸ್ ಓಡುತ್ತದೆ. ಪಾರ್ಟಿಷನ್ (ಡಿಸ್ಕ್‌ನ ಭಾಗ) ಕತ್ತರಿಸುವುದು, ಬೂಟ್ ಲೋಡರ್ (ಓಎಸ್ ಎಬ್ಬಿಸುವ ಸಣ್ಣ ಪ್ರೋಗ್ರಾಮ್), ಯಾವ ರಗಳೆಯೂ ಇಲ್ಲ. ಅಕ್ಕಾ ಅವರ ಷರತ್ತೂ ಉಳಿಯುತ್ತದೆ. ಸುಮ್ನೆ ಯಾಕೆ ಕೆಲಸದ ಪಿಸಿಗೆ ಕೈ ಹಾಕಬೇಕು?

ಟರ್ಮಿನಲ್ ತಮ್ಮ

ಅಣ್ಣಾ, ಪೈಥಾನ್‌ಗೆ ಸಾಕು. ಕರ್ನಲ್‌ಗೆ ಸಾಲದು. ಯುಎಸ್‌ಬಿ ಬೋರ್ಡ್ ಹಾಕಿದರೆ ಅದು ವಿಂಡೋಸ್ ಕೈಯಲ್ಲಿರುತ್ತದೆ. ಡಬ್ಲ್ಯೂಎಸ್ಎಲ್‌ಗೆ ಕೊಡಲು ಬೇರೆ ಟೂಲ್ ಹಾಕಿ ಪ್ರತಿ ಸಲ ಜೋಡಿಸಬೇಕು. ಅದೂ ಅಲ್ಲದೆ ನಾನು ಡ್ರೈವರ್, ಬೂಟ್, ಡಿಸ್ಕ್ ಇವನ್ನೇ ಕಲಿಯಬೇಕು ಅಂತಿರುವುದು.

ಇಳಕಲ್ ಟೋಪ್ ತೆನೆ

ಕಲಿಯಲು ಅತ್ತೆಯ ಅಂಗಡಿಯೇ ಬೇಕಾ ಅಂತ ನನ್ನ ಪ್ರಶ್ನೆ. ಆಯಿತು ಬಿಡು, ಕುಂದಾನಗರಿ ಸರ್ ಬಂದು ಹೇಳಲಿ.

ನವನಗರ ಹಾರ್ಡ್‌ವೇರ್ (ಬಾಗಲಕೋಟೆ)

ಅಕ್ಕಾರೆ, ಒಂದು ಪ್ರಶ್ನೆ. ಹಳೇ ಪಿಸಿಯ ಡಿಸ್ಕ್ ಏನಾಯಿತು?

ಗಾಂಧಿಚೌಕ್ ಡಿಟಿಪಿ

240 ಜಿಬಿ ಎಸ್‌ಎಸ್‌ಡಿ. ತೆಗೆದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಹಳೇ ಲಗ್ನಪತ್ರಿಕೆಗಳ ಡಿಸೈನ್ ಎಲ್ಲಾ ಇವೆ. ಹೊಸದಕ್ಕೆ ಕಾಪಿ ಆಗಿವೆ, ಆದರೂ ಇರಲಿ ಅಂತ ಇಟ್ಟಿದ್ದೇನೆ.

ನವನಗರ ಹಾರ್ಡ್‌ವೇರ್

ಹಾಗಾದರೆ ಮುಗಿಯಿತಲ್ಲ! ಆ ಡಿಸೈನ್‌ಗಳನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೂ ಕಾಪಿ ಮಾಡಿ. ಆಮೇಲೆ ಆ 240 ಜಿಬಿ ಪೂರ್ತಿ ಹುಡುಗನಿಗೆ ಕೊಟ್ಟುಬಿಡಿ. ಲಿನಕ್ಸ್‌ಗೆ ಅಷ್ಟು ಸಾಕಷ್ಟಾಯಿತು. ಮಿಂಟ್ ಹಾಕಿ ಎಲ್ಲಾ ಅಪ್‌ಡೇಟ್ ಮಾಡಿದರೂ 30 ಜಿಬಿ ದಾಟುವುದು ಅಪರೂಪ. ಸಾಟಾ ಡೇಟಾ ಕೇಬಲ್ ಬೋರ್ಡ್‌ನ ಡಬ್ಬಿಯಲ್ಲೇ ಬಂದಿರುತ್ತದೆ. ಪವರ್ ಎಸ್‌ಎಂಪಿಎಸ್‌ನಿಂದ ಎಳೆದುಕೊಳ್ಳಿ. ಎನ್‌ವಿಎಂಇ ಕತ್ತರಿಸುವ ಮಾತೇ ಬೇಡ.

ಕುಂದಾನಗರಿ (ಬೆಳಗಾವಿ)

ನವನಗರದವರು ಸರಿಯಾದ ದಾರಿ ಹಿಡಿದಿದ್ದಾರೆ. ಎರಡು ಡಿಸ್ಕ್ ಇದ್ದಾಗ ಒಂದರಲ್ಲೇ ಎರಡನ್ನೂ ತುರುಕುವುದಕ್ಕೆ ಕಾರಣವೇ ಇಲ್ಲ. ಆದರೆ ಎರಡನೇ ಡಿಸ್ಕ್ ಹಾಕಿದ ಮಾತ್ರಕ್ಕೆ ವಿಂಡೋಸ್ ಬಚಾವ್ ಅಂತ ತಿಳಿಯಬೇಡಿ. ಅಲ್ಲೊಂದು ಗುಂಡಿ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಈಗಿನ ಬೋರ್ಡ್‌ಗಳೆಲ್ಲಾ ಯುಇಎಫ್‌ಐ ಅನ್ನುವ ಹೊಸ ಪದ್ಧತಿಯಲ್ಲಿ ಏಳುತ್ತವೆ. ಇವು ಡಿಸ್ಕ್‌ನಲ್ಲಿರುವ ಒಂದು ಸಣ್ಣ ಫ್ಯಾಟ್32 ಪಾರ್ಟಿಷನ್ ಹುಡುಕುತ್ತವೆ. ಅದಕ್ಕೆ ಇಎಫ್‌ಐ ಸಿಸ್ಟಮ್ ಪಾರ್ಟಿಷನ್, ಚಿಕ್ಕದಾಗಿ ಇಎಸ್‌ಪಿ ಅಂತಾರೆ. ವಿಂಡೋಸ್ ತಾನಾಗಿ ಇನ್‌ಸ್ಟಾಲ್ ಆದಾಗ ಸಾಮಾನ್ಯವಾಗಿ 100 ಎಂಬಿಯದನ್ನು ಮಾಡಿಕೊಳ್ಳುತ್ತದೆ. ಅದರ ಒಳಗೆ ಮೈಕ್ರೋಸಾಫ್ಟ್ ಅನ್ನುವ ಫೋಲ್ಡರ್, ಅದರಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್. ಲಿನಕ್ಸ್ ಹಾಕಿದರೆ ಅದೂ ಇಂಥದೇ ಪಾರ್ಟಿಷನ್‌ನಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಗ್ರಬ್ ಅನ್ನುವ ತನ್ನ ಬೂಟ್ ಲೋಡರ್ ಇಡುತ್ತದೆ. ಯಾರನ್ನು ಮೊದಲು ಎಬ್ಬಿಸಬೇಕು ಅನ್ನುವ ಪಟ್ಟಿ ಬೋರ್ಡ್‌ನ ನೆನಪಿನಲ್ಲಿರುತ್ತದೆ. ಹಿಂದಿನ ಎಂಬಿಆರ್ ಅನ್ನುವ ಡಿಸ್ಕ್ ಪದ್ಧತಿಯ ಕಾಲದಲ್ಲಿ ಒಬ್ಬರ ಲೋಡರ್ ಇನ್ನೊಬ್ಬರದನ್ನು ಅಳಿಸಿಹಾಕುತ್ತಿತ್ತು. ಈಗ ಹಾಗಿಲ್ಲ, ಬರೀ ಪಟ್ಟಿಯ ಕ್ರಮ ಬದಲಾಗುತ್ತದೆ. ಅಕ್ಕಾ ಅವರ ಷರತ್ತು ಸಾಧ್ಯವಾಗುವುದು ಇದರಿಂದಲೇ.

ಮಿಂಟ್ ಕಟ್ಟಿರುವುದು ಉಬುಂಟುವಿನ ಮೇಲೆ. ಗುಂಡಿ ಏನೆಂದರೆ, ಮಿಂಟ್ 22ರಲ್ಲೂ ಇರುವ ಉಬುಂಟುವಿನ ಆ ಹಳೇ ಇನ್‌ಸ್ಟಾಲರ್. ಬೂಟ್ ಲೋಡರ್ ಎಲ್ಲಿ ಹಾಕಲಿ ಅಂತ ಕೇಳುತ್ತದೆ. ನೀವು ಎರಡನೇ ಡಿಸ್ಕ್ ತೋರಿಸುತ್ತೀರಿ. ಹೂಂ ಅನ್ನುತ್ತದೆ, ಆದರೆ ಹಾಕುವುದು ಮೊದಲ ಡಿಸ್ಕ್‌ನಲ್ಲಿ ಸಿಕ್ಕ ಇಎಸ್‌ಪಿಯಲ್ಲೇ! ವರ್ಷಗಳಿಂದ ಗೊತ್ತಿರುವ ತಪ್ಪು ಇದು. ಆಗ ಲಿನಕ್ಸ್‌ನ ಲೋಡರ್ ಅಕ್ಕಾ ಅವರ ವಿಂಡೋಸ್ ಡಿಸ್ಕ್‌ನಲ್ಲಿ, ಉಳಿದ ಲಿನಕ್ಸ್ ಎಲ್ಲಾ ಹಳೇ ಎಸ್‌ಎಸ್‌ಡಿಯಲ್ಲಿ. ಒಂದು ದಿನ ಹಳೇ ಎಸ್‌ಎಸ್‌ಡಿಯ ಕೇಬಲ್ ಸಡಿಲವಾದರೂ ಸಾಕು. ಬೆಳಿಗ್ಗೆ ಕಪ್ಪು ಪರದೆಯಲ್ಲಿ ಗ್ರಬ್ ಅಂತ ಬರೆದುಕೊಂಡು ನಿಲ್ಲುತ್ತದೆ. ವಿಂಡೋಸ್ ಹಾಳಾಗಿರುವುದಿಲ್ಲ, ಆದರೆ ಅಂಗಡಿಯ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು?

ಇದಕ್ಕೆ ಮದ್ದು ಬಹಳ ಸರಳ. ಲಿನಕ್ಸ್ ಹಾಕುವಾಗ ಎನ್‌ವಿಎಂಇ ಯಂತ್ರದಲ್ಲೇ ಇರಬಾರದು. ಕೆಲವು ಬೋರ್ಡ್‌ಗಳಲ್ಲಿ ಬಯೋಸ್ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಒಳಗೆ ಅದು ಕೂರುವ ಎಂ.2 ಸ್ಲಾಟ್ ಆಫ್ ಮಾಡಬಹುದು. ಆ ಆಯ್ಕೆ ಇಲ್ಲದಿದ್ದರೆ ಒಂದು ಸ್ಕ್ರೂ ಬಿಚ್ಚಿ ತೆಗೆದಿಡಿ. ಪಿಸಿ ಜೋಡಿಸಿದವನಿಗೆ ಅದೇನು ದೊಡ್ಡದಲ್ಲ. ಆಗ ಇನ್‌ಸ್ಟಾಲರ್‌ಗೆ ಕಾಣುವುದು ಒಂದೇ ಡಿಸ್ಕ್. ಎಲ್ಲರೂ ಹೆದರುವ ಆ 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡಿ' ಅನ್ನುವ ಆಯ್ಕೆಯನ್ನೇ ಧೈರ್ಯವಾಗಿ ಒತ್ತಬಹುದು. ಹಳೇ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10 ಇತ್ತಲ್ಲ, ಅದು ಎಂಬಿಆರ್ ಪದ್ಧತಿಯಲ್ಲಿ ಇದ್ದಿರಲೂ ಸಾಕು. ಅದೆಲ್ಲಾ ಹೋಗಿ ಹೊಸ ಪದ್ಧತಿಯಾದ ಜಿಪಿಟಿ ಆಗುತ್ತದೆ, ಅದರದೇ ಇಎಸ್‌ಪಿ ಬರುತ್ತದೆ.

ಮುಗಿದ ಮೇಲೆ ಎನ್‌ವಿಎಂಇ ಮತ್ತೆ ಕೂರಿಸಿ. ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲು ಇದೆಯಾ ನೋಡಿ. ಅಷ್ಟೇ. ಹಗಲು ಯಾರು ಬಟನ್ ಒತ್ತಿದರೂ ನೇರ ವಿಂಡೋಸ್. ರಾತ್ರಿ ತಮ್ಮ ಬಂದು ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀ ಒತ್ತಿ ತನ್ನ ಡಿಸ್ಕ್ ಆರಿಸಿಕೊಳ್ಳುತ್ತಾನೆ. ಏಸಸ್ ಬೋರ್ಡ್ ಆದರೆ ಎಫ್8, ಗಿಗಾಬೈಟ್ ಆದರೆ ಎಫ್12, ಎಂಎಸ್‌ಐ ಮತ್ತು ಎಎಸ್‌ರಾಕ್ ಆದರೆ ಎಫ್11. ಗ್ರಬ್ ಮೆನುವಿನಲ್ಲಿ ವಿಂಡೋಸ್ ಸೇರಿಸುವ ಗೊಡವೆಯೇ ಬೇಡ.

ಜಮಖಂಡಿ ಮಾಸ್ತರ

ಎರಡನೇ ಡಿಸ್ಕ್ ಇದ್ದವರಿಗೆ ಇದು ಸರಿ. ಆದರೆ ಈ ಚರ್ಚೆ ಓದುವ ಬಹಳ ಮಂದಿಯ ಹತ್ತಿರ ಇರುವುದು ಒಂದೇ ಡಿಸ್ಕ್. ಅವರು ಹೆದರಿ ಬಿಡಬಾರದು ಅಂತ ಬರೆಯುತ್ತಿದ್ದೇನೆ. ಒಂದೇ ಡಿಸ್ಕ್‌ನಲ್ಲಿ ಎರಡೂ ಹಾಕಿದ ಲ್ಯಾಬ್ ಪಿಸಿಗಳನ್ನು ನಾನು ದಿನಾ ನೋಡುತ್ತೇನೆ. ಚೆನ್ನಾಗೇ ನಡೆಯುತ್ತವೆ.

ಕ್ರಮ ಮಾತ್ರ ತಪ್ಪಬಾರದು. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ವಿಂಡೋಸ್ ಪಾರ್ಟಿಷನ್ ಚಿಕ್ಕದು ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ಖಾಲಿ ಜಾಗ 600 ಜಿಬಿ ಇದ್ದರೂ ಅದು ಕೆಲವೊಮ್ಮೆ ಸ್ವಲ್ಪವೇ ಬಿಟ್ಟುಕೊಡುತ್ತದೆ. ಪೇಜ್‌ಫೈಲ್, ಹೈಬರ್ನೇಶನ್ ಫೈಲ್‌ಗಳನ್ನು ಅದು ಜಾಗ ಬಿಟ್ಟು ಸರಿಸುವುದಿಲ್ಲ, ಅದಕ್ಕೇ. ಅವೆರಡನ್ನೂ ಆಫ್ ಮಾಡಿ, ರೀಸ್ಟಾರ್ಟ್ ಕೊಟ್ಟು ಮತ್ತೆ ನೋಡಿದರೆ ಜಾಸ್ತಿ ಸಿಗುತ್ತದೆ. ಬಿಟ್ಟುಕೊಂಡ ಜಾಗಕ್ಕೆ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಕೊಡಬೇಡಿ, ಖಾಲಿಯೇ ಇರಲಿ.

100 ಎಂಬಿ ಇಎಸ್‌ಪಿ ಸಾಕಾ ಅಂತ ಕೆಲವರು ಕೇಳುತ್ತಾರೆ. ಉಬುಂಟು, ಮಿಂಟ್, ಫೆಡೋರಾಗೆ ಸಾಕು. ಇವುಗಳ ಕರ್ನಲ್ ಲಿನಕ್ಸ್‌ನ ಸ್ವಂತ ಪಾರ್ಟಿಷನ್‌ನಲ್ಲಿರುತ್ತದೆ, ಇಎಸ್‌ಪಿಯಲ್ಲಿ ಸಣ್ಣ ಲೋಡರ್ ಮಾತ್ರ. ಪಾಪ್ ಓಎಸ್ ಥರದವು ಕರ್ನಲನ್ನೇ ಇಎಸ್‌ಪಿಯಲ್ಲಿ ಇಡುತ್ತವೆ, ಅವಕ್ಕೆ 100 ಎಂಬಿ ಸಾಲುವುದಿಲ್ಲ. ಇನ್ನೂ ವಿಂಡೋಸ್ ಹಾಕದ ಹೊಸ ಪಿಸಿ ಆದರೆ ಶುರುವಿನಲ್ಲೇ ಡಿಸ್ಕ್‌ಪಾರ್ಟ್ ಕಮಾಂಡ್‌ನಿಂದ 1 ಜಿಬಿ ಇಎಸ್‌ಪಿ ಮಾಡಿಟ್ಟುಬಿಡಿ. ಇನ್‌ಸ್ಟಾಲ್ ಪರದೆಯಲ್ಲಿ ಶಿಫ್ಟ್ ಎಫ್10 ಒತ್ತಿದರೆ ಕಮಾಂಡ್ ಕಿಟಕಿ ಬರುತ್ತದೆ.

ಕುಂದಾನಗರಿ

ಮಾಸ್ತರ್, ಒಪ್ಪುತ್ತೇನೆ. ನಾನು ಬೇಡ ಅಂದಿದ್ದು ಈ ಅಂಗಡಿಯ ಪಿಸಿಗೆ ಮಾತ್ರ. ಲ್ಯಾಬ್ ಪಿಸಿ ಕೆಟ್ಟರೆ ಪಕ್ಕದ ಪಿಸಿಗೆ ಹುಡುಗರನ್ನು ಕೂರಿಸಬಹುದು. ಇಲ್ಲಿ ಪಕ್ಕದ ಪಿಸಿ ಇರುವುದು ಪಕ್ಕದ ಅಂಗಡಿಯಲ್ಲಿ.

ಗಾಂಧಿಚೌಕ್ ಡಿಟಿಪಿ

ಆ ಮಾತು ಸರಿಯಾಗಿ ಹೇಳಿದಿರಿ ಸರ್.

ಇಷ್ಟು ಓದಿದ ಮೇಲೆ ಮನಸ್ಸು ಒಪ್ಪುತ್ತಿದೆ. ಎನ್‌ವಿಎಂಇ ತೆಗೆದಿಡುವುದು ಚೆನ್ನಾಗಿದೆ. ಬೇಕಾದರೆ ಆ ಹೊತ್ತಿನಲ್ಲಿ ನನ್ನ ಪರ್ಸ್‌ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಹೊಸ ಪಿಸಿ ಮೊದಲ ಸಲ ಆನ್ ಮಾಡಿದಾಗ ಬಹಳ ಹೊತ್ತು ಏನೂ ಬರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪು. ಆಮೇಲೆ ತಾನೇ ಬಂತು. ಅದು ದೋಷವಾ?

ನವನಗರ ಹಾರ್ಡ್‌ವೇರ್

ದೋಷವಲ್ಲ ಅಕ್ಕಾರೆ. ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಇದ್ದರೆ ಮೊದಲ ಸಲ ರ‍್ಯಾಮ್ ಜತೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಮೆಮೊರಿ ಟ್ರೈನಿಂಗ್ ಅಂತಾರೆ. ಬಯೋಸ್ ಅಪ್‌ಡೇಟ್ ಮಾಡಿದ ಮೇಲೂ, ರ‍್ಯಾಮ್ ಬದಲಿಸಿದರೂ ಮತ್ತೆ ಹಾಗಾಗಬಹುದು. ನಮ್ಮಲ್ಲಿ ಹೊಸ ಪಿಸಿ ಒಯ್ದವರು ಬೋರ್ಡ್ ಸತ್ತಿದೆ ಅಂತ ಅದೇ ಸಂಜೆ ಫೋನ್ ಮಾಡುತ್ತಾರೆ. ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ಬಂದಿರುತ್ತದೆ ಅನ್ನುತ್ತೇನೆ. ಮಧ್ಯದಲ್ಲಿ ಸ್ವಿಚ್ ಆಫ್ ಮಾಡಬೇಡಿ, ಅಷ್ಟೇ.

ತಮ್ಮಾ, ನಿನಗೊಂದು ಮಾತು. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಆನ್ ಮಾಡಿದ್ದೀಯಾ? ಮಾಡಿದ್ದರೆ ಮೊದಲು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಿಸು. ಹೊಸ ಜೋಡಣೆಯಲ್ಲಿ ರ‍್ಯಾಮ್ ಅಸ್ಥಿರ ಇದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಫೈಲ್ ಕೆಟ್ಟಿದೆ ಅನ್ನುತ್ತದೆ. ಜನ ಲಿನಕ್ಸನ್ನು ಬೈಯುತ್ತಾರೆ, ಪೆನ್‌ಡ್ರೈವ್ ಬದಲಿಸುತ್ತಾರೆ, ರ‍್ಯಾಮ್ ಕಡೆ ಯಾರೂ ನೋಡುವುದಿಲ್ಲ.

ಟರ್ಮಿನಲ್ ತಮ್ಮ

ಎಕ್ಸ್‌ಪೋ ಆನ್ ಇದೆ. ಟೆಸ್ಟ್ ಹಾಕುತ್ತೇನೆ ಅಣ್ಣಾ. ಸಹಿ ಇಲ್ಲದ ಲೋಡರ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾ? ಯೂಟ್ಯೂಬ್‌ನಲ್ಲಿ ಎಲ್ಲರೂ ಮೊದಲು ಅದನ್ನೇ ಆಫ್ ಮಾಡಿ ಅನ್ನುತ್ತಾರೆ.

ಕುಂದಾನಗರಿ

ಲಿನಕ್ಸ್ ಹಾಕಲು ಬೇಡ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಇವೆಲ್ಲಾ ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ಏಳುತ್ತವೆ. ಇವುಗಳ ಶಿಮ್ ಅನ್ನುವ ಮೊದಲ ಲೋಡರ್‌ಗೆ ಮೈಕ್ರೋಸಾಫ್ಟ್ ಸಹಿ ಇರುತ್ತದೆ. ತೊಂದರೆ ಬರುವುದು ಎನ್‌ವಿಡಿಯಾ ಡ್ರೈವರ್ ಥರ ಹೊರಗಿನ ಮಾಡ್ಯೂಲ್ ಹಾಕುವಾಗ. ಆಗ ನೀಲಿ ಪರದೆ ಬಂದು ಕೀ ಸೇರಿಸು ಅನ್ನುತ್ತದೆ. ನಿಮ್ಮದರಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ, ಅದರ ಡ್ರೈವರ್ ಕರ್ನಲ್‌ನಲ್ಲೇ ಬರುತ್ತದೆ. ಮುಂದೆ ನೀನೇ ಕರ್ನಲ್ ಮಾಡ್ಯೂಲ್ ಬರೆದರೆ ಆಗ ಅದಕ್ಕೂ ಸಹಿ ಹಾಕಬೇಕಾಗುತ್ತದೆ. ಅದನ್ನೂ ಕಲಿ, ಒಳ್ಳೆಯದೇ.

ಸೆಕ್ಯೂರ್ ಬೂಟ್ ಮುಟ್ಟಬೇಡ ಅನ್ನಲು ದೊಡ್ಡ ಕಾರಣ ಬೇರೆ ಇದೆ. ಅಕ್ಕಾ, ನೀವು ವಿಂಡೋಸ್ 11 ಹಾಕುವಾಗ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೈನ್ ಇನ್ ಆದಿರಾ? ಆಗಿದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವ ಸಾಧ್ಯತೆ ಬಹಳ. 24ಎಚ್2 ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಇದು ಕೇಳದೇ ಆನ್ ಆಗುತ್ತದೆ. ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ಅಂತ ಹೋಗಿ ನೋಡಿ. ಆನ್ ಇದ್ದಾಗ ಸೆಕ್ಯೂರ್ ಬೂಟ್ ಬದಲಿಸಿದರೆ ಅಥವಾ ಬಯೋಸ್ ಅಪ್‌ಡೇಟ್ ಮಾಡಿದರೆ ವಿಂಡೋಸ್ ಏಳುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಫೈಲ್‌ಗಳು ಸಿಗುವುದಿಲ್ಲ. ಎಂಥಾ ಜಾಣ ಬಂದರೂ ಸಿಗುವುದಿಲ್ಲ.

ಆದ್ದರಿಂದ ಪಿಸಿಯ ಡಬ್ಬಿ ಬಿಚ್ಚುವ ಮುಂಚೆಯೇ ಆ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ತೆಗೆದು ಪ್ರಿಂಟ್ ಹಾಕಿ ಫೈಲ್‌ಗೆ ಸೇರಿಸಿ. ಎರಡು ಪ್ರತಿ ಮಾಡಿ. ಝೆರಾಕ್ಸ್ ಅಂಗಡಿಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಗಾಂಧಿಚೌಕ್ ಡಿಟಿಪಿ

ಈಗ ನೋಡಿದೆ ಸರ್. ಆನ್ ಇದೆ! ಯಾರೂ ನನ್ನನ್ನು ಕೇಳೇ ಇಲ್ಲ. ಕೀ ಸಿಕ್ಕಿತು, ಪ್ರಿಂಟ್ ಹಾಕಿದೆ. ಲಿನಕ್ಸ್ ಇರಲಿ ಬಿಡಲಿ, ಈ ಚರ್ಚೆ ಇಷ್ಟಕ್ಕೇ ಸಾರ್ಥಕ ಆಯಿತು. ಮುಂದಿನ ವರ್ಷ ಯಾರಾದರೂ ಬಯೋಸ್ ಅಪ್‌ಡೇಟ್ ಮಾಡಿದ್ದರೆ ನಾನು ಎಲ್ಲಿಗೆ ಹೋಗಬೇಕಿತ್ತು?

ನವನಗರ ಹಾರ್ಡ್‌ವೇರ್

ಹೌದು, ರೈಜನ್ ಬೋರ್ಡ್‌ಗಳಲ್ಲಿ ಬಯೋಸ್ ಅಪ್‌ಡೇಟ್ ಆದ ಮೇಲೆ ಎನ್‌ಕ್ರಿಪ್ಶನ್ ಕೀ ಕಾಯುವ ಎಫ್‌ಟಿಪಿಎಂ ರೀಸೆಟ್ ಮಾಡಲಾ ಅಂತ ವೈ ಅಥವಾ ಎನ್ ಕೇಳುವುದುಂಟು. ಜನ ಓದದೇ ವೈ ಒತ್ತುತ್ತಾರೆ. ಎನ್‌ಕ್ರಿಪ್ಶನ್ ಇದ್ದರೆ ಅಲ್ಲಿಗೆ ಮುಗಿಯಿತು, ಕೀ ಹುಡುಕುತ್ತಾ ಕೂರಬೇಕು.

ಮತ್ತೆ ಯುಪಿಎಸ್ ಇದೆ ತಾನೇ? ಬಯೋಸ್ ಅಪ್‌ಡೇಟ್ ಆಗಲಿ, ಇನ್‌ಸ್ಟಾಲ್ ಆಗಲಿ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ.

ಒಣದ್ರಾಕ್ಷಿ ಅಡತಿ (ವಿಜಯಪುರ)

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಅಡತಿ ಅಂಗಡಿಯ ಪಿಸಿಯಲ್ಲಿ ಮಗ ಲಿನಕ್ಸ್ ಹಾಕಿದ್ದಾನೆ. ಟ್ಯಾಲಿ ವಿಂಡೋಸ್‌ನಲ್ಲಿದೆ. ಅವನು ರಾತ್ರಿ ಲಿನಕ್ಸ್ ಬಳಸಿದ ಮರುದಿನ ವಿಂಡೋಸ್‌ನ ಗಡಿಯಾರ ತಪ್ಪಿರುತ್ತದೆ. ಬೆಳಿಗ್ಗೆ ಹತ್ತೂವರೆಗೆ ತೆಗೆದರೆ ಐದು ಗಂಟೆ ತೋರಿಸುತ್ತದೆ. ಬೋರ್ಡ್‌ನ ಸೆಲ್ ಹೋಗಿದೆ ಅಂತ ಬದಲಿಸಿದೆವು, ಉಪಯೋಗ ಆಗಲಿಲ್ಲ.

ಟರ್ಮಿನಲ್ ತಮ್ಮ

ಕಾಕಾ, ಇದು ನನಗೆ ಗೊತ್ತು. ಬೋರ್ಡ್‌ನ ಗಡಿಯಾರದಲ್ಲಿ ಇರುವುದು ಭಾರತದ ಸಮಯ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ ಬರೆಯುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ಅಂತರ. ಅದಕ್ಕೇ ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಅಂತ ಒಮ್ಮೆ ಕೊಟ್ಟರೆ ಅದೂ ಭಾರತದ ಸಮಯವನ್ನೇ ಇಡುತ್ತದೆ.

ಒಣದ್ರಾಕ್ಷಿ ಅಡತಿ

ಮಗನಿಗೆ ತೋರಿಸಿದೆ. ಸರಿ ಹೋಯಿತು. ಥ್ಯಾಂಕ್ಸ್ ತಮ್ಮಾ. ನಿಮ್ಮ ಅತ್ತೆ ನಿನ್ನನ್ನು ಸುಮ್ನೆ ಬೈಯುತ್ತಾರೆ.

ಟರ್ಮಿನಲ್ ತಮ್ಮ

ವರದಿ. ರವಿವಾರ ಅಂಗಡಿ ಬಂದ್ ಇತ್ತು, ಅವತ್ತೇ ಮಾಡಿದೆ.

ಮೆಮ್‌ಟೆಸ್ಟ್ ಶನಿವಾರ ರಾತ್ರಿ ಓಡಿತು, ಒಂದೂ ತಪ್ಪು ಇಲ್ಲ. ಮಿಂಟ್ ಐಎಸ್‌ಒ ಫೈಲ್ ಇಳಿಸಿ, ಅದು ಕೆಟ್ಟಿಲ್ಲ ಅಂತ ಚೆಕ್‌ಸಮ್ ನೋಡಿ ಪೆನ್‌ಡ್ರೈವ್‌ಗೆ ಹಾಕಿದೆ. ಎನ್‌ವಿಎಂಇ ಬಿಚ್ಚಿ ಅತ್ತೆ ಕೈಗೆ ಕೊಟ್ಟೆ. ನಿಜವಾಗಲೂ ಪರ್ಸ್‌ನಲ್ಲಿ ಇಟ್ಟುಕೊಂಡರು! ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್‌ನ ಹೆಸರಿನ ಮುಂದೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿದೆ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಲ್ಯಾನ್, ಸ್ಲೀಪ್ ನೋಡಿದೆ. ವೈಫೈ ತಾನೇ ಬಂತು. ತಮಾಷೆ ಏನೆಂದರೆ ವಿಂಡೋಸ್ 11 ಹಾಕುವಾಗ ಇದೇ ವೈಫೈ ಕಾಣದೆ ಫೋನನ್ನು ಯುಎಸ್‌ಬಿಗೆ ಹಾಕಿ ಟೆದರಿಂಗ್ ಮಾಡಿದ್ದೆವು.

ಎನ್‌ವಿಎಂಇ ವಾಪಸ್ ಹಾಕಿದ ಮೇಲೆ ಬೂಟ್ ಕ್ರಮದಲ್ಲಿ ಉಬುಂಟು ಅಂತ ಮೊದಲು ಕೂತಿತ್ತು. ಮಿಂಟ್ ಹಾಕಿದರೂ ಹೆಸರು ಉಬುಂಟು. ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ತಂದೆ. ರಿಕವರಿ ಕೀ ಕೇಳಲಿಲ್ಲ.

ಗಾಂಧಿಚೌಕ್ ಡಿಟಿಪಿ

ಸೋಮವಾರ ಬಟನ್ ಒತ್ತಿದೆ, ವಿಂಡೋಸ್ ಬಂತು. ಅಂಗಡಿಯ ಹುಡುಗಿಗೆ ಏನೂ ಗೊತ್ತೇ ಇಲ್ಲ. ಎಲ್ಲರಿಗೂ ಧನ್ಯವಾದ.

ಕುಂದಾನಗರಿ

ಒಳ್ಳೆಯದು. ಇನ್ನು ಎರಡು ಮಾತು. ದೊಡ್ಡ ವಿಂಡೋಸ್ ಅಪ್‌ಡೇಟ್ ಅಥವಾ ಬಯೋಸ್ ಅಪ್‌ಡೇಟ್ ಆದ ಮೇಲೆ ಬೂಟ್ ಕ್ರಮ ಬದಲಾಗಿರಬಹುದು. ಬಯೋಸ್‌ಗೆ ಹೋಗಿ ಸರಿ ಮಾಡಿದರೆ ಆಯಿತು, ಗಾಬರಿ ಬೇಡ. ಎರಡನೆಯದು, ಲಿನಕ್ಸ್ ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಬಿಡಬೇಡ ತಮ್ಮಾ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಳೇ ಶಿಮ್‌ಗಳನ್ನು ತಡೆಯಿತು. ಎರಡೂ ಓಎಸ್ ಇದ್ದ ಎಷ್ಟೋ ಪಿಸಿಗಳಲ್ಲಿ ಲಿನಕ್ಸ್ ಕಡೆ ಎಸ್‌ಬ್ಯಾಟ್ ಚೆಕ್ ಫೇಲ್ ಅಂತ ಬಂದು ಯಂತ್ರ ಆಫ್ ಆಗುತ್ತಿತ್ತು. ಹೊಸ ಶಿಮ್ ಇದ್ದವರಿಗೆ ಏನೂ ಆಗಲಿಲ್ಲ. ಇದು ಡಿಸ್ಕ್ ಬೇರೆ ಇದ್ದರೂ ತಟ್ಟುತ್ತದೆ, ಯಾಕೆಂದರೆ ಆ ತಡೆಪಟ್ಟಿ ಇರುವುದು ಬೋರ್ಡ್‌ನಲ್ಲಿ.

ಜಮಖಂಡಿ ಮಾಸ್ತರ

ತಮ್ಮಾ, ಕನ್ನಡ ಟೈಪಿಂಗ್ ಹಾಕಿಕೊಂಡೆಯಾ? ಲಿನಕ್ಸ್‌ನಲ್ಲಿ ಭಾಷೆಗಳ ಟೈಪಿಂಗ್‌ಗೆ ಇರುವ ಐಬಸ್ ಜತೆ ಎಂ17ಎನ್ ಪ್ಯಾಕೇಜ್ ಹಾಕು. ಕನ್ನಡದ ಕೆಳಗೆ ಕೆಜಿಪಿ ಅಂತ ಕೀಲಿಮಣೆ ಬರುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನುಡಿಯದೇ. ಅತ್ತೆಯವರ ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಗಾಂಧಿಚೌಕ್ ಡಿಟಿಪಿ

ಹೌದಾ ಮಾಸ್ತರ್? ಹಾಗಾದರೆ ನನ್ನ ನುಡಿ ಫೈಲ್‌ಗಳೂ ಅಲ್ಲಿ ತೆರೆಯುತ್ತವಾ? ಕೆಲಸಕ್ಕಲ್ಲ, ಸುಮ್ನೆ ಕೇಳಿದೆ.

ಜಮಖಂಡಿ ಮಾಸ್ತರ

ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಲಿಬ್ರೆ ಆಫೀಸ್‌ನಲ್ಲಿ ಹಾಗೇ ತೆರೆಯುತ್ತದೆ. ನಿಮ್ಮ ಹಳೇ ಡಿಸೈನ್‌ಗಳು ಆಸ್ಕಿ ಫಾಂಟಿನವು, ಅಲ್ವಾ? ನುಡಿ 01 ಇ ಥರದವು. ವರ್ಡ್ ಫೈಲ್ ಆದರೆ ಆ ಫಾಂಟ್ ಕಾಪಿ ಮಾಡಿಕೊಂಡರೆ ಕಾಣುತ್ತದೆ, ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪೇಜ್‌ಮೇಕರ್ ಫೈಲ್ ಬಿಡಿ. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇಲ್ಲ, 2001ರ ನಂತರ ಅದರ ಹೊಸ ದೊಡ್ಡ ಆವೃತ್ತಿಯೂ ಬರಲಿಲ್ಲ. ನಮ್ಮ ಕಡೆಯ ಪ್ರೆಸ್‌ಗಳು ಅದನ್ನು ಬಿಡುವವರೆಗೆ ನಿಮಗೆ ವಿಂಡೋಸ್ ಬೇಕೇ ಬೇಕು. ಹೊಸ ಡಿಸೈನ್‌ಗಳನ್ನಾದರೂ ಯುನಿಕೋಡ್‌ನಲ್ಲಿ ಮಾಡಿ. ಪೇಜ್‌ಮೇಕರ್ ಥರದ ಸ್ಕ್ರೈಬಸ್ 1.6ರಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತವೆ.

ಟರ್ಮಿನಲ್ ತಮ್ಮ

ಒಂದು ಉಳಿದಿದೆ. ಅಂಗಡಿಯ ಲೇಸರ್ ಪ್ರಿಂಟರ್ ಮಿಂಟ್‌ಗೆ ಕಾಣುತ್ತದೆ, ಪ್ರಿಂಟ್ ಕೊಟ್ಟರೆ ಸುಮ್ಮನೆ ಕೂರುತ್ತದೆ. ಡಿಟಿಪಿ ಅಂಗಡಿಗಳಲ್ಲೆಲ್ಲಾ ಇರುವ ಆ ಹಳೇ ಸಣ್ಣ ಪ್ರಿಂಟರ್.

ನವನಗರ ಹಾರ್ಡ್‌ವೇರ್

ಅದರ ಹಿಂದೆ ಬೀಳಬೇಡ. ಆ ಜಾತಿಯ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಅನ್ನುವ ಪ್ರಿಂಟರ್ ಭಾಷೆಗಳು ಎರಡೂ ಬರುವುದಿಲ್ಲ. ಪುಟ ಬಿಡಿಸುವ ಕೆಲಸ ಎಲ್ಲಾ ಪಿಸಿಯಲ್ಲಿರುವ ಡ್ರೈವರೇ ಮಾಡಬೇಕು. ವಿಂಡೋಸ್ ಡ್ರೈವರ್ ಚೆನ್ನಾಗಿದೆ, ಲಿನಕ್ಸ್‌ನದು ಒಮ್ಮೆ ನಡೆದರೆ ಒಮ್ಮೆ ಇಲ್ಲ. ಪಿಡಿಎಫ್ ಮಾಡಿಟ್ಟುಕೋ, ಹಗಲು ವಿಂಡೋಸ್‌ನಿಂದ ಪ್ರಿಂಟ್ ತೆಗೆ.

ಟರ್ಮಿನಲ್ ತಮ್ಮ

ಪಿಡಿಎಫ್ ನೇರವಾಗಿ ವಿಂಡೋಸ್ ಡಿಸ್ಕ್‌ಗೆ ಹಾಕಲಾ?

ಕುಂದಾನಗರಿ

ಬೇಡ. ಅದು ಎನ್‌ಕ್ರಿಪ್ಟ್ ಆಗಿದೆ, ಕೀ ಕೊಡದೆ ತೆರೆಯುವುದೂ ಇಲ್ಲ. ಎನ್‌ಕ್ರಿಪ್ಶನ್ ಇಲ್ಲದವರಿಗೂ ಹೇಳುತ್ತೇನೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗಿರುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಬರೆದರೆ ಫೈಲ್‌ಗಳು ಕೆಡಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆಯಬೇಕು. ನಿನ್ನ ಮಟ್ಟಿಗೆ ಪೆನ್‌ಡ್ರೈವ್ ಸಾಕು. ಎಕ್ಸ್‌ಫ್ಯಾಟ್ ಮಾಡಿಕೋ, ಎರಡೂ ಕಡೆ ಓದುತ್ತದೆ.

ಗಾಂಧಿಚೌಕ್ ಡಿಟಿಪಿ

ಪೆನ್‌ಡ್ರೈವ್ ತಂದರೆ ಪುಟಕ್ಕೆ ಎರಡು ರೂಪಾಯಿ. ತಮ್ಮನ ಮಗನಾದರೂ ಅಷ್ಟೇ.